ಮಂಡಿಚಿಪ್ಪು ಹಿಡಿದ ಹೆಬ್ಬೆರಳು

ಜಯನಗರದ ನಮ್ಮ ಪೇಟೆಂಟ್ ಕಚೇರಿಗೆ ಬರುತ್ತಿದ್ದ ಆ ಮೂಳೆ ಡಾಕ್ಟರು ಮಾತನಾಡುವಾಗ ಬಲಗೈ ಹೆಬ್ಬೆರಳಿನಿಂದ ಮೇಜನ್ನು ಒತ್ತಿ ಹಿಡಿಯುತ್ತಿದ್ದರು. ಆಪರೇಷನ್‌ನಲ್ಲಿ ಮಂಡಿಚಿಪ್ಪಿಗೆ ಕೃತಕ ಬಿಲ್ಲೆ ಕೂರಿಸಿದಾಗ, ಅದನ್ನು ಮೂಳೆಗೆ ಅಂಟಿಸುವ ಸಿಮೆಂಟು ಗಟ್ಟಿಯಾಗುವ ತನಕ ಹಾಗೆ ಒತ್ತಿ ಒತ್ತಿ ಆ ಬೆರಳು ಸೊಟ್ಟಗಾಗಿತ್ತು. ಜೊತೆಗೆ ನಿಂತು ಒತ್ತಿ ಹಿಡಿಯುವ ಕಿರಿಯ ಡಾಕ್ಟರುಗಳಿಗೆ ಅವರು ಹೇಳುತ್ತಿದ್ದುದು ಒಂದೇ ಮಾತಂತೆ: "ಇನ್ನೂ ಬಿಡಬೇಡಿ."

ಬೆರಳಿನ ಕೆಲಸ ಮಾಡಲೆಂದು ಅವರೇ ಇಕ್ಕಳದಂಥ ಒಂದು ಕ್ಲ್ಯಾಂಪ್ ಮಾಡಿಸಿ ತಂದಿದ್ದರು. ಚಿಪ್ಪಿನ ಉಬ್ಬಿಗೆ ತಾನಾಗಿ ಹೊಂದಿಕೊಳ್ಳುವ ಅದರ ಹಿಡಿತ ಬೇರೆ ಯಾವುದರಲ್ಲೂ ಇರಲಿಲ್ಲ. ಪೇಟೆಂಟ್ ಸಿಗುತ್ತದೆಂದು ನನಗೆ ಖಾತ್ರಿಯಿತ್ತು. ಅರ್ಜಿ ಹಾಕುವ ಮುನ್ನ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದೆ.

"ಇದನ್ನ ಹೊರಗಿನವರಿಗೆ ಯಾರಿಗಾದ್ರೂ ತೋರಿಸಿದೀರಾ ಸಾರ್?"

ಇಲ್ಲ ಎಂದಿದ್ದರೆ ನಾನು ನಂಬುತ್ತಿದ್ದೆ.

"ಎರಡು ವರ್ಷದ ಹಿಂದೆ ಡಾಕ್ಟರ್‌ಗಳ ಮೀಟಿಂಗ್‌ನಲ್ಲಿ ಬಿಚ್ಚಿ ತೋರಿಸ್ದೆ. ಎಲ್ಲರೂ ಫೋಟೋ ತಗೊಂಡ್ರು. ಹೊಸದೇನಾದ್ರೂ ಸಿಕ್ರೆ ಹೇಳ್ಕೊಡೋದು ನಮ್ಮಲ್ಲಿ ರೂಢಿ ಅಲ್ವಾ?"

ನಾನು ಪೆನ್ನು ಕೆಳಗಿಟ್ಟೆ. ಅರ್ಜಿಗೆ ಮುಂಚೆಯೇ ಹಾಗೆ ಬಹಿರಂಗವಾದದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ, ಅದಕ್ಕೆ ಪೇಟೆಂಟ್ ಸಿಗುವುದಿಲ್ಲ ಎಂದು ವಿವರಿಸಿದೆ. "ಇನ್ಮೇಲೆ ಇದನ್ನ ಯಾರು ಬೇಕಾದ್ರೂ ಮಾಡಿಸ್ಕೋಬಹುದು ಸಾರ್."

ಅವರು ಮೇಜಿನ ಮೇಲಿಂದ ಹೆಬ್ಬೆರಳು ಎತ್ತಿದರು. ಆಮೇಲೆ ಅವರು ಕ್ಲ್ಯಾಂಪನ್ನು ನನ್ನ ಕೈಗೆ ಕೊಟ್ಟು, ನನ್ನ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನಿಟ್ಟು, ಎಷ್ಟು ಒತ್ತಬೇಕೆಂದು ತೋರಿಸಿದರು.

"ಇನ್ನೂ ಬಿಡಬೇಡಿ" ಎಂದು ಹೇಳಿ, ತಮ್ಮ ಕೈ ತೆಗೆದರು.