ಅಮಾವಾಸ್ಯೆಗೊಮ್ಮೆ ಮಾತು ಬಿಡುತ್ತಿದ್ದ ಡಬ್ಬಿ

ಬೆಳಗಿನ ಐದೂವರೆ. ಮಳಖೇಡದ ಈಚೆ, ಕಾಗಿಣಾ ದಂಡೆಯ ಪಂಪ್‌ಹೌಸಿನ ಮುಂದೆ ಸ್ಕೂಟಿ ನಿಲ್ಲಿಸಿ ಕರುಣಾ ಕಿವಿಗೆ ಸುತ್ತಿದ್ದ ಮಫ್ಲರ್ ಬಿಚ್ಚುತ್ತಾರೆ. ಇವತ್ತು ಎಳ್ಳಮಾವಾಸ್ಯೆ. ಸೇಡಂ ಸೀಮೆಯ ಜನವೆಲ್ಲ ಸಜ್ಜಿ ರೊಟ್ಟಿ, ಭಜ್ಜಿ, ಹೋಳಿಗೆಗಳ ಬುಟ್ಟಿ ಹೊತ್ತು ಹೊಲಕ್ಕೆ ಹೊರಡುವ ದಿನ. ಮೂವತ್ತಾರರ ಈ ಹೆಣ್ಣುಮಗಳು ಮಾತ್ರ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡು, ಹಲ್ಲು ಕಟಕಟಿಸುವ ಥಂಡಿಯಲ್ಲಿ ಕುರಕುಂಟಾದಿಂದ ಇಲ್ಲಿಗೆ ಬಂದಿದ್ದಾರೆ. ಒಳಗೆ ಮೋಟರು ಗುಂಯ್‌ಗುಡುತ್ತಿದೆ. ಆ ಸದ್ದು ಕೇಳಿಯೇ ಅವರ ಮುಖದಲ್ಲಿ ಅರ್ಧ ನಗು ಬಂದಿದೆ.

ಗೋಡೆಯ ಕಬ್ಬಿಣದ ಪೆಟ್ಟಿಗೆಯೊಳಗೆ, ಊಟದ ಡಬ್ಬಿಯಷ್ಟೇ ಗಾತ್ರದ ಬೂದು ಬಣ್ಣದ ಯಂತ್ರವೊಂದಿದೆ. ಹೆಸರು ಗೇಟ್‌ವೇ. ಇಲ್ಲಿಯವರ ಬಾಯಲ್ಲಿ ಬರೇ ‘ಡಬ್ಬಿ’. ಇದಕ್ಕೆ ಎರಡು ಬಾಯಿ. ಒಂದಕ್ಕೆ ಮೋಟರ್ ಪ್ಯಾನೆಲ್ಲಿನಿಂದ ಬಂದ ಈಥರ್ನೆಟ್ ವೈರು, ಇನ್ನೊಂದಕ್ಕೆ ಕಲಬುರಗಿಯ ಕಚೇರಿಯ ಕಡೆ ಹೋಗುವ ವೈರು. ಹನ್ನೊಂದು ಹಳ್ಳಿಗಳ ಟ್ಯಾಂಕುಗಳಲ್ಲಿ ನೀರು ಎಷ್ಟಿದೆ ಎಂಬ ಸುದ್ದಿ ಹೊರಗಿನಿಂದ ಈ ಡಬ್ಬಿಗೆ ಬಂದು, ಇದರ ಮೂಲಕ ಮೋಟರಿಗೆ ಮುಟ್ಟುತ್ತದೆ. ಸುದ್ದಿ ಬಾರದಿದ್ದರೆ ಮೋಟರು ತಾನಾಗಿಯೇ ನಿಲ್ಲುತ್ತದೆ. ಟ್ಯಾಂಕು ತುಂಬಿ ಹರಿದು ನೀರು ಪೋಲಾಗದಿರಲಿ ಎಂದು ಮಾಡಿಕೊಂಡ ಏರ್ಪಾಡು ಅದು.

ಈ ಡಬ್ಬಿ ಕಳೆದ ಮೂರು ಅಮಾವಾಸ್ಯೆಗಳಲ್ಲಿ ಮೂರು ಸಲ ಮಾತು ಬಿಟ್ಟಿದೆ. ಮೂರು ಸಲವೂ ಹನ್ನೊಂದು ಊರಿನ ನಳ ಒಣಗಿವೆ. ನಾಲ್ಕನೆಯ ಸಲ ಹೀಗಾದರೆ, ಕರುಣಾ ಕೈಯಲ್ಲಿರುವ ಏಳೂ ಪಂಪ್‌ಹೌಸುಗಳನ್ನು ಹೈದರಾಬಾದಿನ ತಂಡಕ್ಕೆ ಒಪ್ಪಿಸುವುದಾಗಿ ಗುತ್ತಿಗೆ ಕಂಪನಿಯ ಇಂಜಿನಿಯರ್ ಸಿದ್ಧಲಿಂಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಇವತ್ತು ಬೆಳಗಿನ ಆರರಿಂದ ಒಂಬತ್ತರವರೆಗೆ ಅವರೇ ಕಲಬುರಗಿಯಲ್ಲಿ ಪರದೆಯ ಮುಂದೆ ಕೂರಲಿದ್ದಾರೆ.

“ಫಿಕರ್ ಆಗ್ಯದೇನವ್ವ?” ಎಂದು ಕೇಳುತ್ತಾರೆ ಗುರುಲಿಂಗಯ್ಯ. ಅರವತ್ತೆರಡರ ಈ ಜಂಗಮರು ಪಂಪ್‌ಹೌಸಿನ ಕಾವಲುಗಾರರೂ ಹೌದು, ಮೋಟರ್ ನಡೆಸುವವರೂ ಹೌದು.

“ನನಗ್ಯಾಕ್ರಿ ಫಿಕರ್? ನಾ ಕಟ್ಟಿದ ಗಂಟು ನನಗ ಗೊತ್ತದ. ನೀವು ಜಳಕ ಮಾಡಿ ಬರ್ರಿ, ನಾ ಇಲ್ಲೇ ಕುಂದರ್ತೀನಿ,” ಎನ್ನುತ್ತಾರೆ ಕರುಣಾ. ಇವತ್ತು ಅವರು ಡಬ್ಬಿಯನ್ನು ಮುಟ್ಟುವಂತಿಲ್ಲ. ಅದು ಯಾರೋ ಹಾಕಿದ ಷರತ್ತಲ್ಲ, ಅವರೇ ಹಾಕಿಕೊಂಡದ್ದು.

ಸೇಡಂ, ಕುರಕುಂಟಾ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಏಳು ಕಡೆ ಏಳು ಪಂಪ್‌ಹೌಸು, ಏಳು ಡಬ್ಬಿ. ದಿನಕ್ಕೆ ಕಡಿಮೆಯೆಂದರೂ ನೂರು ಕಿಲೋಮೀಟರ್ ಸ್ಕೂಟಿ ಸವಾರಿ, ಚಿಂಚೋಳಿಯ ಪಾಳಿ ಬಂದ ದಿನ ನೂರಾ ನಲವತ್ತು. ಒಂಬತ್ತು ವರ್ಷದಲ್ಲಿ ದಾಲ್‌ಮಿಲ್ಲು, ಪರಸಿ ಕಲ್ಲಿನ ಪಾಲಿಶ್ ಘಟಕ, ನೀರಿನ ಯೋಜನೆ ಎಲ್ಲ ಸೇರಿ ಅವರು ವಿಳಾಸ ಕೊಟ್ಟು ಎಬ್ಬಿಸಿ ನಿಲ್ಲಿಸಿದ ಡಬ್ಬಿಗಳು ಇನ್ನೂರಾ ಹನ್ನೆರಡು. ಪ್ರತಿಯೊಂದರ ವಿಳಾಸವೂ ರಟ್ಟಿನ ನೋಟ್‌ಬುಕ್ಕಿನಲ್ಲಿದೆ. ಕೇಳಿದರೆ ಪುಸ್ತಕ ತೆಗೆಯುವುದಿಲ್ಲ, ಬಾಯಲ್ಲೇ ಪಟಪಟನೆ ಹೇಳುತ್ತಾರೆ.

ಕೆಲಸ ಏನೆಂದು ಕೇಳಿದವರಿಗೆ ಅವರು ಕೊಡುವ ವಿವರಣೆ ಯಾವ ಪಠ್ಯಪುಸ್ತಕದಲ್ಲೂ ಸಿಗದು. “ಇದೊಂದು ಊರು ಇದ್ದಂಗ ನೋಡ್ರಿ. ಮೋಟರ್‌ಗೊಂದು ಮನಿ ನಂಬರ್, ಮೀಟರ್‌ಗೊಂದು ಮನಿ ನಂಬರ್. ಒಂದೇ ಓಣ್ಯಾಗ ಎರಡು ಮನಿಗೆ ಒಂದೇ ನಂಬರ್ ಕೊಟ್ರ ಟಪಾಲಿನಾಂವ ಯಾರ ಬಾಗಲಾ ಬಡೀಬೇಕು? ಊರಾಗಿನ ಮಾತು ಊರಾಗೇ ನಡೀಬೇಕು. ಹೊರಗ ಹೋಗೋದು ಅಗಸಿ, ಅಂದ್ರ ಊರಬಾಗಲಾ, ದಾಟಿ ಹೋಗಬೇಕು. ಈ ಡಬ್ಬಿ ಅಂದ್ರ ಅಗಸಿ, ಅಷ್ಟೇ.”

ಹೊಸ ಡಬ್ಬಿಗೆ ವಿಳಾಸ ಬದಲಿಸಿ ‘ಸೇವ್’ ಒತ್ತಿದ ಕೂಡಲೇ ಲ್ಯಾಪ್‌ಟಾಪಿನ ಪರದೆ ಸ್ತಬ್ಧವಾಗುತ್ತದೆ. ಹೊಸಬರ ಎದೆ ಧಸಕ್ ಎನ್ನುವುದು ಅಲ್ಲಿಯೇ. ಕೆಟ್ಟೇಹೋಯಿತು ಎಂದು ಗಾಬರಿಬಿದ್ದು ಕರೆಂಟು ತೆಗೆದು ಹಾಕಿ ಮಾಡುತ್ತಾರೆ. “ಅದು ಸತ್ತಿಲ್ರಿ, ಮನಿ ಬದಲ್ ಮಾಡ್ಯದ. ಹಳೇ ಮನಿ ಮುಂದ ನಿಂತು ಕೂಗಿದ್ರ ಯಾರು ಓ ಅಂತಾರ? ಹೊಸ ಮನಿಗೆ ಹೋಗಿ ಕರೀಬೇಕು,” ಎಂದು ನಗುತ್ತಾರೆ ಕರುಣಾ.

ನಗು ಬಂದದ್ದು ಈಚೆಗೆ. ಮೊದಲ ವರ್ಷಗಳು ಅಷ್ಟು ಹಗುರಾಗಿರಲಿಲ್ಲ. ತಂದೆ ಭಗವಂತ ಶಹಾಬಾದಿನಲ್ಲಿ ಕಲ್ಲು ಒಡೆಯುತ್ತಿದ್ದರು, ತಾಯಿ ಅನಸುಬಾಯಿ ತೊಗರಿ ಹೊಲದ ಕೂಲಿ. ಇಬ್ಬರೂ ಸೇರಿ ಮಗಳನ್ನು ಐಟಿಐ ಓದಿಸಿದರು. ಸೇಡಂನ ದಾಲ್‌ಮಿಲ್ಲೊಂದರಲ್ಲಿ ವೈರು ಎಳೆಯುವ ಕೆಲಸ ಸಿಕ್ಕಿತು. ಏಣಿ ಹತ್ತಿದ ಹೆಣ್ಣುಮಗಳನ್ನು ನೋಡಿ “ಸಾಹೇಬರು ಯಾವಾಗ ಬರ್ತಾರ?” ಎಂದು ಕೆಳಗಿನವರು ಕೇಳುತ್ತಿದ್ದರು. ಕೆಲವು ಕಡೆ ಉಳಿದವರಿಗೆಲ್ಲ ಸ್ಟೀಲಿನ ಲೋಟದಲ್ಲಿ ಚಹಾ ಬಂದರೆ, ಬುದ್ಧವಂದನೆ ಮಾಡುವ ಮನೆಯ ಈ ಹುಡುಗಿಗೆ ಮಾತ್ರ ಪ್ಲಾಸ್ಟಿಕ್ಕಿನದು ಬರುತ್ತಿತ್ತು. “ಚಹಾ ಕುಡೀದೆ ಕೆಲಸ ಮುಗಿಸಿ ಬರ್ತಿದ್ದೆ. ಮಶೀನಿಗೆ ಮಾತ್ರ ನನ್ನ ಕೈ ಯಾರದು ಅಂತ ಗೊತ್ತಿರಲಿಲ್ಲ. ಅದಕ್ಕ ಮಶೀನಿನ ಮ್ಯಾಲೆ ಭಾಳ ಪ್ರೀತಿ ಬಂತು,” ಎನ್ನುತ್ತಾರೆ. ಗುರುಲಿಂಗಯ್ಯನವರ ಪಂಪ್‌ಹೌಸಿನಲ್ಲಿ ಇರುವುದು ಎರಡೇ ಲೋಟ. ಒಂದು ಅವರದು, ಇನ್ನೊಂದು ಬಂದವರದು.

ತಪ್ಪುಗಳನ್ನೂ ಮಾಡಿದ್ದಾರೆ, ಮುಚ್ಚಿಡುವುದಿಲ್ಲ. ಶಹಾಬಾದಿನ ಒಂದು ಕಲ್ಲಿನ ಘಟಕದಲ್ಲಿ ಡಬ್ಬಿಯ ಎರಡೂ ಬಾಯಿಗೆ ಹೊರದಾರಿ ಬರೆದುಬಿಟ್ಟಿದ್ದರಂತೆ. “ಒಂದೂರಿಗೆ ಎರಡು ಅಗಸಿ! ಮಾತು ಒಮ್ಮಿ ಆ ಕಡಿ ಓಡ್ತದ, ಒಮ್ಮಿ ಈ ಕಡಿ ಓಡ್ತದ. ಡಬ್ಬಿನೂ ಹೈರಾಣ, ನಾನೂ ಹೈರಾಣ. ಮೂರು ದಿನ ಹಿಡೀತು. ಆಮ್ಯಾಲೆ ಎಂದೂ ಆ ಗಲತಿ ಮಾಡಿಲ್ಲ.”

ಹೀಗಾಗಿ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮಳಖೇಡದ ಡಬ್ಬಿ ಮೊದಲ ಸಲ ಮಾತು ಬಿಟ್ಟಾಗ ಅವರು ಅನುಮಾನಪಟ್ಟದ್ದು ತಮ್ಮ ಮೇಲೆಯೇ. ಓಡಿ ಬಂದು ನೋಡಿದರೆ ಎಲ್ಲ ಸರಿ. ಡಬ್ಬಿ ಮಾತಾಡುತ್ತಿದೆ, ಮೋಟರು ತಿರುಗುತ್ತಿದೆ! ಎರಡನೆಯ ಸಲ ದೀಪಾವಳಿ ಅಮಾವಾಸ್ಯೆ. ಹಬ್ಬದ ದಿನ ಕರೆಂಟಿನ ಲೋಡು ಜಾಸ್ತಿ, ಅದಕ್ಕೇ ಹೀಗೆ ಎಂದರು ಸಿದ್ಧಲಿಂಗ. ಮೂರನೆಯದು ಛಟ್ಟಿ ಅಮಾವಾಸ್ಯೆಗೆ. ಆ ದಿನವಂತೂ ಸಂಜೆಯವರೆಗೆ ನೀರಿಲ್ಲ. ಕೊಡ ಹಿಡಿದ ಹೆಂಗಸರು ಪಂಪ್‌ಹೌಸಿಗೇ ಬಂದು ಗುರುಲಿಂಗಯ್ಯನವರಿಗೆ ಮಂಗಳಾರತಿ ಎತ್ತಿದರು. ಡಬ್ಬಿಯೇ ದೋಷದ್ದು, ಬದಲಿಸಿ ಎಂದು ಕಲಬುರಗಿಯಿಂದ ಆಜ್ಞೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಕರುಣಾ ಬದಲಿಸಲಿಲ್ಲ. ಡಬ್ಬಿ ತನ್ನೊಳಗೆ ಬರೆದಿಟ್ಟುಕೊಂಡ ದಿನಚರಿಯನ್ನು ತೆಗೆದರು. ಮೂರು ಸಲವೂ ವೈರು ಕಳಚಿದ ಹೊತ್ತು ಹೆಚ್ಚುಕಡಿಮೆ ಒಂದೇ: ಬೆಳಗಿನ ಆರೂಕಾಲು. ಕರೆಂಟು ಹೋಗಿದ್ದರೆ ಡಬ್ಬಿಯೇ ಮಲಗಬೇಕಿತ್ತು, ಅದು ಮಲಗಿಲ್ಲ. ಮನೆಗೆ ಹೋಗಿ ಮೂರು ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾಗ, ಪಕ್ಕದಲ್ಲಿ ತೊಗರಿ ಹಸನು ಮಾಡುತ್ತಿದ್ದ ಅನಸುಬಾಯಿ ಕತ್ತೆತ್ತಿ ನೋಡಿದರು. “ಏ, ಮೂರೂ ಕರೀ ಚುಕ್ಕಿ ಮ್ಯಾಲೇ ಬಿದ್ದಾವಲ್ಲ! ಹಬ್ಬದ ಮಾತು ಬಿಡು, ಅಮಾಸಿ ಮುಂಜಾನಿ ಆ ಪಂಪ್‌ಹೌಸಿನ ಅಯ್ಯ ಏನು ಮಾಡ್ತಾನ ಕೇಳಿ ಬಾ.” ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಮರುದಿನ ಗುರುಲಿಂಗಯ್ಯ ಎಲ್ಲ ಬಾಯಿಬಿಟ್ಟರು. ಅಮಾವಾಸ್ಯೆಗೆ ಯಂತ್ರಕ್ಕೆ ಪೂಜೆ ಮಾಡುವುದು ಅವರು ಮೂವತ್ತು ವರ್ಷದಿಂದ ನಡೆಸಿಕೊಂಡು ಬಂದ ನೇಮ. ಸುಣ್ಣಗಲ್ಲಿನ ಸೀಮೆ ಇದು, ಧೂಳು ಎಲ್ಲದರ ಮೇಲೂ ಪದರುಗಟ್ಟುತ್ತದೆ. ಹೊಸದಾಗಿ ಬಂದ ಡಬ್ಬಿಯೂ ಯಂತ್ರವೇ ತಾನೆ? ಎರಡೂ ವೈರು ಬಿಚ್ಚಿ, ಒಣ ಬಟ್ಟೆಯಿಂದ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ವೈರು ಮತ್ತೆ ಸಿಕ್ಕಿಸುತ್ತಿದ್ದರು. ಯಾವುದು ಯಾವ ಬಾಯಿಯದು ಎಂಬುದು ಗೊತ್ತಿಲ್ಲ. ಅದಲುಬದಲಾದರೂ ಎರಡೂ ಕಡೆ ಹಸಿರು ದೀಪ ಹತ್ತುತ್ತದೆ. ವೈರು ಕೂತಿದೆ ಎಂದಷ್ಟೇ ಆ ದೀಪದ ಅರ್ಥ, ಸರಿಯಾದ ಕಡೆ ಕೂತಿದೆ ಎಂದಲ್ಲ. ಮೋಟರು ನಿಂತ ಮೇಲೆ ಗಾಬರಿಯಲ್ಲಿ ಮತ್ತೆ ಬಿಚ್ಚಿ ಹಾಕಿದಾಗ ಯಾವಾಗಲೋ ಒಮ್ಮೆ ಸರಿಯಾಗುತ್ತಿತ್ತು.

“ಕೈ ಹಚ್ಚೀನಿ ಅಂದ್ರ ನೌಕರಿ ಹೋಗ್ತದಂತ ಅಂಜಿದೆ ತಂಗಿ. ಈ ವಯಸ್ಸಿನಾಗ ಎಲ್ಲಿಗೆ ಹೋಗಲಿ?” ಎಂದು ಅತ್ತರಂತೆ.

ಇಲ್ಲಿ ಕರುಣಾ ಮಾಡಿದ್ದು ಎರಡು ಕೆಲಸ. ಮೊದಲನೆಯದು, ಕಂಪನಿಗೆ ಬರೆದ ವರದಿಯಲ್ಲಿ ಗುರುಲಿಂಗಯ್ಯನವರ ಹೆಸರು ಹಾಕಲಿಲ್ಲ. ‘ವೈರುಗಳಿಗೆ ಗುರುತು ಹಚ್ಚದೆ ಬಿಟ್ಟದ್ದು ನನ್ನ ತಪ್ಪು’ ಎಂದು ಬರೆದು ಸಹಿ ಮಾಡಿದರು. ಏಳೂ ಪಂಪ್‌ಹೌಸು ಕಸಿಯುವ ಎಚ್ಚರಿಕೆ ಬಂದದ್ದು ಆ ಸಹಿಯ ಮೇಲೆಯೇ. ಪೆಟ್ಟಿಗೆಗೆ ಬೀಗ ಜಡಿಯಿರಿ ಎಂಬ ಸಲಹೆಯೂ ಬಂತು. “ಬೀಗ ಹಾಕಿದ್ರ ಧೂಳು ಯಾರು ತಗೀಬೇಕ್ರಿ? ಉಳಿದ ಆರು ಡಬ್ಬಿ ನೋಡ್ರಿ, ಮಾರಿ ತುಂಬ ಸುಣ್ಣ. ಈ ಮುತ್ಯಾ ಒರೆಸೋ ಡಬ್ಬಿ ಒಂದೇ ಅಂಗಡ್ಯಾಗಿಂದ ತಂದಂಗ ಅದ. ಮುತ್ಯಾಂದು ಪೂಜಿ ಗಲತಿ ಅಲ್ಲ. ದಾರಿ ತೋರಿಸದೆ ಬಿಟ್ಟದ್ದು ಗಲತಿ.”

ಎರಡನೆಯ ಕೆಲಸ, ದಾರಿ ತೋರಿಸಿದ್ದು. ಮೋಟರಿನಿಂದ ಬಂದ ಒಳಗಿನ ವೈರಿಗೂ ಅದರ ಬಾಯಿಗೂ ಕೆಂಪು ಟೇಪು. ಕಚೇರಿಯ ಕಡೆ ಹೋಗುವ ಹೊರಗಿನ ವೈರಿಗೂ ಅದರ ಬಾಯಿಗೂ ಬಿಳಿ ಟೇಪು. ಪೂಜೆಯಲ್ಲಿ ಕುಂಕುಮ ಕೆಂಪಿಗೆ, ವಿಭೂತಿ ಬಿಳಿಗೆ. ಒಂದು ವೈರು ತೆಗೆದು, ಒರೆಸಿ, ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈ. ತಾವು ಕೈ ಮುಗಿಯದ ಪೂಜೆಗೆ ತಾವೇ ಕ್ರಮ ಹಾಕಿಕೊಟ್ಟರಲ್ಲ ಎಂದು ಛೇಡಿಸಿದರೆ ಕರುಣಾ ಸುಮ್ಮನಿರುವವರಲ್ಲ. “ನಾ ಪೂಜಿ ಮಾಡಂಗಿಲ್ಲ, ಖರೆ. ಆದ್ರ ಮುತ್ಯಾ ಮಾಡೋದು ಎಂದೂ ತಪ್ಪಂಗಿಲ್ಲ. ನಾ ಹೇಳಿದ್ದು ಮರೀಬಹುದು, ಅವರ ದೇವರು ಹೇಳಿದ್ದು ಮರೀತಾರೇನು?”

ಆರು ಗಂಟೆ ಹತ್ತು ನಿಮಿಷ. ಜಳಕ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು ಗುರುಲಿಂಗಯ್ಯ ಪೆಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಕರುಣಾ ಎರಡು ಮಾರು ದೂರದಲ್ಲಿ, ಕೈ ಕಟ್ಟಿಕೊಂಡು ನಿಂತಿದ್ದಾರೆ. ತಾವು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಮುಂದಿನ ಅಮಾವಾಸ್ಯೆಗೆ ಯಾರು ಬರುತ್ತಾರೆ? ಅವರೊಬ್ಬರೇ ಮಾಡಬೇಕು. ಕೆಂಪು ವೈರು ಹೊರಬರುತ್ತದೆ. ಮೋಟರು ಇನ್ನೂ ತಿರುಗುತ್ತಿದೆ, ಸುದ್ದಿ ಬಾರದೆ ಎರಡು ನಿಮಿಷ ಕಾದ ಮೇಲೆಯೇ ಅದು ನಿಲ್ಲುವುದು. ಬಟ್ಟೆ ಆಡುತ್ತದೆ. ಕುಂಕುಮ. ಕೆಂಪು ವೈರು ಕೆಂಪು ಬಾಯಿಗೆ ಟಕ್ ಎಂದು ಕೂರುತ್ತದೆ. ಆಮೇಲೆ ಬಿಳಿಯದು. ವಿಭೂತಿ. ಟಕ್.

ಇಬ್ಬರೂ ಮೋಟರಿನ ಸದ್ದಿಗೆ ಕಿವಿಗೊಡುತ್ತಾರೆ. ಎರಡು ನಿಮಿಷ, ಮೂರು ನಿಮಿಷ, ಐದು. ಸದ್ದು ನಿಲ್ಲುವುದಿಲ್ಲ.

ಆರೂವರೆಗೆ ಕರುಣಾ ಅವರ ಫೋನು ರಿಂಗಾಗುತ್ತದೆ. ಸಿದ್ಧಲಿಂಗ. “ಮೇಡಂ, ಲೈನ್ ಜರಾ ಕಟ್ ಆತು, ಮತ್ತ ಬಂತು. ಹನ್ನೊಂದೂ ಟ್ಯಾಂಕು ಕಾಣಾಕತ್ತಾವ. ಏನು ಮಾಡಿದ್ರಿ?” ಕರುಣಾ ಬಾಯಿ ತೆರೆಯುವಷ್ಟರಲ್ಲಿ ಗುರುಲಿಂಗಯ್ಯ ಫೋನು ಇಸಿದುಕೊಳ್ಳುತ್ತಾರೆ.

“ಸಾಹೇಬರ, ನಾ ಗುರುಲಿಂಗಯ್ಯ ಮಾತಾಡಾಕತ್ತೀನಿ. ಮೂರೂ ಅಮಾಸಿ ವೈರ್ ಅದಲುಬದಲು ಮಾಡಿದಾಂವ ನಾನು. ಈ ತಂಗಿ ನನ್ನ ಸಲುವಾಗಿ ತನ್ನ ಮ್ಯಾಲೆ ಹಾಕೊಂಡಾಳ. ಇವತ್ತು ಆಕಿ ಮುಟ್ಟೇ ಇಲ್ಲ. ಕೆಂಪು ಬಿಳಿ ಟೇಪ್ ಹಚ್ಚಿ ಕೊಟ್ಟಿದ್ಲು, ನಾನೇ ಒರೆಸಿ ಹಾಕೀನಿ. ತಗೀತೀರಿ ಅಂದ್ರ ನನ್ನ ತಗೀರಿ.”

ಅತ್ತ ಕಡೆಯಿಂದ ಸಿದ್ಧಲಿಂಗ ನಗುವುದು ಕರುಣಾಗೂ ಕೇಳಿಸುತ್ತದೆ. “ನಿಮ್ಮನ್ನ ತಗದ್ರ ಧೂಳು ನಾ ಬಂದು ಒರೆಸಲೇನ್ರಿ ಅಯ್ಯಾರ? ಮೇಡಂಗ ಹೇಳ್ರಿ, ಏಳೂ ಅವರ ಕೈಯಾಗೇ ಇರ್ಲಿ. ಆ ಟೇಪ್ ಉಳಿದ ಆರಕ್ಕೂ ಹಚ್ಚಲಿ. ಹೆಂಗ ಒರೆಸಬೇಕು ಅಂತ ಅಲ್ಲಿಯವರಿಗೆ ನೀವೇ ಹೋಗಿ ಕಲಸ್ರಿ.”

ಕರುಣಾ ಅವರ ಕಣ್ಣು ತುಂಬಿ ಬರುತ್ತವೆ. ಅಡಗಿಸುವ ಗೋಜಿಗೆ ಹೋಗದೆ ಓಢಣಿಯಿಂದ ಒರೆಸಿಕೊಂಡು, “ಮುತ್ಯಾ, ನಿಮಗ ಈಗ ಆರು ಊರಿನ ಗುರುಪೀಠ ಸಿಕ್ಕದ ನೋಡ್ರಿ,” ಎಂದು ಚೇಷ್ಟೆ ಮಾಡುತ್ತಾರೆ. ಗುರುಲಿಂಗಯ್ಯ ಚಹಾಕ್ಕೆ ನೀರಿಡಲು ಹೋಗುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೆ ನಿಮಗೆ ಏನಾಗಬೇಕು, ಒಂದು ಹೆಸರು, ಒಂದು ಸನ್ಮಾನ? ಕೇಳಿದರೆ ಕರುಣಾ ತಲೆಯಾಡಿಸುತ್ತಾರೆ.

“ಬ್ಯಾಡ್ರಿ. ನಳದಾಗ ನೀರು ಬಂದಾಗ ಯಾರರ ನನ್ನ ನೆನಸ್ತಾರೇನು? ನೀರು ಬರದಿದ್ದಾಗಷ್ಟೇ ‘ಎಲ್ಲದಾಳ ಆಕಿ?’ ಅಂತಾರ. ಇವತ್ತು ಹಬ್ಬ. ಹನ್ನೊಂದು ಊರಾಗ ಒಬ್ಬರೂ ನನ್ನ ನೆನಸಿಲ್ಲ.”