ಎಡಗೈಗೊಂದು ಶಾಲೆ

ಮೊನ್ನೆ ಮೊಮ್ಮಗ ಸಿರಾ ಸಂತೆಯಿಂದ ಕಂಬಳಿ ತಂದ. ಹೊಸದು, ನೂಲಿಗೆ ಹಾಕಿದ ಹುಣಸೆ ಬೀಜದ ಗಂಜಿ ಇನ್ನೂ ಬಿಟ್ಟಿರಲಿಲ್ಲ. ಮಡಿಕೆ ಬಿಚ್ಚಿದ ಕೂಡಲೇ ಅದರ ವಾಸನೆ ಮೂಗಿಗೆ ಬಡಿಯಿತು. ನಮ್ಮಪ್ಪನ ಮೈಯಿಂದ ಬರುತ್ತಿದ್ದದ್ದು ಅದೇ ವಾಸನೆ. ಒಳ್ಳೆಯ ವಾಸನೆಯೇನಲ್ಲ.

ಅಪ್ಪ ಕಂಬಳಿ ನೇಯುತ್ತಿದ್ದ. ಗೌಡಗೆರೆ ಕಡೆ ನಮ್ಮೂರು. ಆಗ ಮಹಾರಾಜರ ಕಾಲ. ನಾನು ಹಾಲು ಕುಡಿಯುವಾಗಲೇ ಅಮ್ಮ ಹೋದಳಂತೆ, ಮುಖ ನೆನಪಿಲ್ಲ. ಮನೆಯಲ್ಲಿದ್ದವರು ಅಪ್ಪ, ನಾನು, ಗಂಡ ಸತ್ತು ತವರಿಗೆ ಬಂದಿದ್ದ ಸೋದರತ್ತೆ. ಅತ್ತೆ ಹಗಲೆಲ್ಲ ಉಣ್ಣೆ ನೂಲುತ್ತಿದ್ದಳು. ಆದರೂ ಒಂದು ಮುದ್ದೆ ಹೆಚ್ಚಿಗೆ ಉಂಡರೆ ಬೀದಿಯವರು ಆಡಿಕೊಳ್ಳುತ್ತಿದ್ದರು.

ಒಮ್ಮೆ ಕಂಬಳಿ ಮಾರಲು ಮಧುಗಿರಿಗೆ ಹೋದ ಅಪ್ಪ, ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರಮ್ಮನನ್ನು ನೋಡಿ ಬಂದ. ಅವರೂ ಗಂಡ ಸತ್ತವರೇ. ಆದರೆ ಸಂಬಳ ಬರುತ್ತಿತ್ತು. ಬೀದಿಯಲ್ಲಿ ಹೋದರೆ ಕಟ್ಟೆ ಮೇಲಿನ ಗಂಡಸರು ಎದ್ದು ನಿಲ್ಲುತ್ತಿದ್ದರಂತೆ. ಅವತ್ತೇ ತೀರ್ಮಾನಿಸಿದ, ಮಗಳನ್ನು ಓದಿಸಿ ಮೇಷ್ಟ್ರಮ್ಮ ಮಾಡಬೇಕೆಂದು. ಗಂಡ ಇರಲಿ ಹೋಗಲಿ, ಅವಳು ಯಾರ ಮನೆ ಮೂಲೆಯಲ್ಲೂ ಕೂರಬಾರದು.

ತೊಡಕು ಒಂದೇ. ನಾನು ಎಡಚಿ.

ನಮ್ಮೂರಲ್ಲಿ ಅಯ್ಯನವರೊಬ್ಬರು ಜಗಲಿ ಮೇಲೆ ಪಾಠ ಹೇಳುತ್ತಿದ್ದರು. ಮರಳು ಹರಡಿ ಅದರ ಮೇಲೆ ಬೆರಳಲ್ಲಿ ಅಕ್ಷರ ತಿದ್ದಬೇಕು. ನಾನು ಎಡಗೈ ಇಟ್ಟೆ. ‘ತೊಳೆಯೋ ಕೈಯಲ್ಲಿ ಸರಸ್ವತೀನ ಮುಟ್ತೀಯೇನೇ?’ ಅಂತ ಬೆರಳ ಗಂಟಿನ ಮೇಲೆ ಹೊಡೆದರು. ಆಮೇಲೆ ಆ ಕೈಯನ್ನು ಬೆನ್ನಿಗೆ ಕಟ್ಟಿ ಕೂರಿಸಿದರು. ಸಂಜೆ ಬಿಚ್ಚಿದಾಗ ಮಣಿಕಟ್ಟು ಊದಿತ್ತು, ಬೆರಳು ಮಡಿಚಲು ಬರುತ್ತಿರಲಿಲ್ಲ. ಅಪ್ಪ ಎಣ್ಣೆ ಹಚ್ಚಿ ನೀವಿದ. ನೇಯುವವನಿಗೆ ಕೈ ಹೋದರೆ ಅನ್ನವೇ ಹೋಯಿತು. ಅವನು ಹೆದರಿದ್ದು ನ್ಯಾಯವೇ.

‘ಕೈ ಕಟ್ದೇ ಇರೋ ಇಸ್ಕೂಲು ಎಲ್ಲೈತೋ ನೋಡೇ ಬುಡ್ತೀನಿ’ ಅಂದ.

‘ನೋಡು ನೋಡು. ಎಡಚೀಗೆ ಗಂಡು ಹುಡ್ಕಾದೇ ಕಷ್ಟ, ಇವ್ನು ಇಸ್ಕೂಲು ಹುಡುಕ್ತಾನಂತೆ’ ಅಂದಳು ಅತ್ತೆ.

ಸಿರಾದ ಶಾಲೆಯಲ್ಲಿ ಬೇಡವೆಂದರು. ಕೊರಟಗೆರೆಯಲ್ಲಿ, ಮೊದಲು ಬಲಗೈ ರೂಢಿ ಮಾಡಿಸಿ ಕರೆತಾ ಅಂದರು. ನಾಗಲಮಡಿಕೆ ಕಡೆಯ ಮೇಷ್ಟ್ರು ತೆಲುಗಿನಲ್ಲಿ ಏನೋ ಅಂದರು. ಅಪ್ಪನಿಗೆ ಅರ್ಥವಾಯಿತು, ನನಗೆ ಹೇಳಲಿಲ್ಲ...

ಆಮೇಲೆ ಅವನಿಗೊಂದು ಯೋಚನೆ ಬಂತು. ಸಿರಾದಲ್ಲಿ ಕಂಬಳಿ ಮಾರುವಾಗ, ಮಸೀದಿಯಲ್ಲಿ ಓದುವ ಮಕ್ಕಳು ಬಲಗಡೆಯಿಂದ ಎಡಗಡೆಗೆ ಬರೆಯುವುದನ್ನು ನೋಡಿದ್ದ. ಬರಹ ತಿರುಗಾಮುರುಗಾ ಆದರೆ ಕೈಯೂ ಹಾಗೇ ಇರಬೇಕು ಅಂತ ಅವನ ಎಣಿಕೆ. ನನ್ನ ಕೈ ಹಿಡಿದು ಅಲ್ಲಿಗೂ ಹೋದ.

‘ಸಾಬ್ರೇ, ನಿಮ್ಮಲ್ಲಿ ಎಡಗೈಯಾಗೆ ತಾನೇ ಬರ್ಯಾದು? ನಮ್ ಮಗೀನೂ ಸೇರಿಸ್ಕಳಿ.’

ಮೌಲ್ವಿಗಳು ಗಡ್ಡ ಕುಣಿಯುವಂತೆ ನಕ್ಕರು. ‘ಅರೆ ಭಾಯ್, ಬರಹ ಆ ಕಡೆಯಿಂದ ಬರ್ತದೆ, ಕೈ ಮಾತ್ರ ಇದೇ ಕೈ. ಎಡಗೈ ಎತ್ತಿದ್ರೆ ನಾನೂ ಹೊಡೀತೀನಿ.’ ನನ್ನ ಮಡಿಲಿಗೆ ಹುರಿದ ಕಡಲೆಕಾಯಿ ಹಾಕಿ ಕಳಿಸಿದರು. ಅಪ್ಪ ದಾರಿಯಲ್ಲಿ ಒಂದನ್ನೂ ಮುಟ್ಟಲಿಲ್ಲ. ಕಡಲೆಕಾಯಿಯನ್ನೆಲ್ಲ ನಾನೇ ತಿಂದೆ.

ಉಳಿದದ್ದು ಮಧುಗಿರಿ. ಅಲ್ಲೂ ಬೇಡವೆಂದರೆ ಮುಂದೆ ದಾರಿಯಿಲ್ಲವೆಂದು ಹೆದರಿ ಅದನ್ನು ಕಡೆಗಿಟ್ಟುಕೊಂಡಿದ್ದ. ಮೇಷ್ಟ್ರಮ್ಮ ನನ್ನ ಎರಡು ಕೈಯನ್ನೂ ತಿರುಗಿಸಿ ನೋಡಿದರು. ‘ಸೇರಿಸ್ಕೋತೀನಿ ಕಣಪ್ಪ. ಆದ್ರೆ ಒಂದು ತಿಂಗಳು ಆ ಕೈ ಕಟ್ಟಬೇಕು. ಮೆತ್ತನೆ ಬಟ್ಟೇಲಿ ನಾನೇ ಕಟ್ತೀನಿ. ಇಲ್ದಿದ್ರೆ ಶಾಲೆ ನೋಡೋಕೆ ಇನ್ಸ್‌ಪೆಕ್ಟರು ಬಂದಾಗ ನಾನೇನು ಹೇಳ್ಲಿ?’ ಅಂದರು.

ಅವರ ಹಾಗೆ ಕೂರಬೇಕು, ಅವರ ಹಾಗೆ ಮಾತಾಡಬೇಕು ಅನ್ನಿಸಿತು ನನಗೆ. ಕಟ್ಟಲಿ ಅಂತ ನಾನೇ ಎಡಗೈ ಚಾಚಿದೆ.

ಅಪ್ಪ ಆ ಕೈ ಹಿಡಿದು ಕೆಳಗಿಳಿಸಿದ. ‘ಬ್ಯಾಡಿ ತಾಯಿ. ಕೈ ಕಟ್ಸಾಕೆ ಇಷ್ಟು ದೂರ ಬರ್ಬೇಕಾಗಿತ್ತಾ?’ ಅಂದವನೇ ನನ್ನನ್ನು ಎತ್ತಿಕೊಂಡು ಹೊರಟುಬಿಟ್ಟ. ಮಧುಗಿರಿ ಬೆಟ್ಟ ಮರೆಯಾಗುವವರೆಗೂ ನಾನು ಅವನ ಬೆನ್ನಿಗೆ ಗುದ್ದುತ್ತಲೇ ಇದ್ದೆ. ಮುದ್ದಿಗೆ ಗುದ್ದುತ್ತಿದ್ದೇನೆ ಅಂದುಕೊಂಡನೋ ಏನೋ.

ಅಲ್ಲಿಗೆ ಶಾಲೆ ಮುಗಿಯಿತು. ನೂಲುವುದು ಕಲಿತೆ. ಮದುವೆಯಾಯಿತು, ಗಂಡ ಬೇಗ ಹೋದ, ಭಾವನ ಮನೆಯ ಮೂಲೆ ಸಿಕ್ಕಿತು. ಅಪ್ಪ ಯಾವುದಕ್ಕೆ ಹೆದರಿ ಊರೂರು ಅಲೆದನೋ ಅದೇ. ಅಕ್ಷರ ಕಲಿತದ್ದು ಮಗನ ಸ್ಲೇಟಿನ ಮೇಲೆ, ಅವನು ಆಡಲು ಹೋದಾಗ. ಎಡಗೈಯಲ್ಲೇ.

ಸಾಯುವ ಮುಂಚೆ ಅಪ್ಪ ಕೇಳಿದ್ದ, ‘ಅವತ್ತು ಕರ್ಕಂಡ್ ಬಂದಿದ್ದು ತಪ್ಪಾತೇನವ್ವ?’

‘ಇಲ್ಲ ಕಣಪ್ಪ’ ಅಂದೆ. ಸಾಯುವವನ ಮುಂದೆ ಇನ್ನೇನು ಹೇಳುವುದು...

ಇದನ್ನು ಓದಿದವರು ಎಂಥ ಒಳ್ಳೆಯ ತಂದೆ ಅನ್ನಬಹುದು. ಒಳ್ಳೆಯವನೇ. ಆದರೆ ಕಟ್ಟಿದ್ದರೆ ಕೈ ಒಂದು ತಿಂಗಳು ನೋಯುತ್ತಿತ್ತು, ಅಷ್ಟೇ ತಾನೇ? ಬದುಕಿಡೀ ಇನ್ನೊಬ್ಬರ ಒಲೆ ಮುಂದೆ ತಗ್ಗಿ ಕೂರುವುದು ತಪ್ಪುತ್ತಿತ್ತು. ಇದನ್ನು ಅವನಿಗೇ ಹೇಳಿ ಒಂದು ಸಲ ಜೋರಾಗಿ ಜಗಳ ಆಡಬೇಕು ಅನ್ನಿಸುತ್ತದೆ ನನಗೆ, ಈ ವಯಸ್ಸಿನಲ್ಲೂ. ಅವನಿಲ್ಲ.