ವಿಭೂತಿ ಹಚ್ಚಿಸಿಕೊಂಡ ನ್ಯಾನೊ ಬೆಳ್ಳಿ

ಇತ್ತೀಚೆಗೆ ರಾಣೆಬೆನ್ನೂರಿನ ಯಾವ ಅಂಗಡಿಗೆ ಕಾಲಿಟ್ಟರೂ ‘ನ್ಯಾನೊ’ ಎಂಬ ಎರಡಕ್ಷರ ನನಗಿಂತ ಮೊದಲೇ ಅಲ್ಲಿಗೆ ಬಂದು ಕುಳಿತಿರುತ್ತದೆ. ಗೋಡೆಯ ಬಣ್ಣದ ಡಬ್ಬಿಯ ಮೇಲೆ ಅದೇ, ನೀರು ಶುದ್ಧ ಮಾಡುವ ಯಂತ್ರದ ಮೇಲೆ ಅದೇ, ವಾಸನೆ ಬರುವುದಿಲ್ಲವೆಂದು ಆಣೆ ಮಾಡುವ ಕಾಲುಚೀಲದ ಮೇಲೂ ಅದೇ. ಮೊನ್ನೆ ಕುಪ್ಪೇಲೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ರೈತರೊಬ್ಬರು ತಮ್ಮ ಹೊಲಕ್ಕೆ ಒಯ್ಯುತ್ತಿದ್ದ ಯೂರಿಯಾವನ್ನು ಕೈಚೀಲದಿಂದ ತೆಗೆದು ತೋರಿಸಿದರು. ಅದೊಂದು ಸಣ್ಣ ಬಾಟಲಿ. ಮೂಟೆಯನ್ನು ಬಸ್ಸಿಗೇರಿಸಲು ಕಂಡಕ್ಟರನೊಡನೆ ವಾದಿಸುವ ಸುಖ ತಪ್ಪಿತೆಂದು ಅವರಿಗೆ ತುಸು ಬೇಸರವಾಗಿದ್ದಂತಿತ್ತು.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟರು ನಾನು. ಸರ್ಕಾರ ನನ್ನನ್ನು ನಿವೃತ್ತಗೊಳಿಸಿತೇ ಹೊರತು ನನ್ನ ವಿವರಣೆಯ ಚಟವನ್ನಲ್ಲ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ನ್ಯಾನೊಮೀಟರ್ ಎಂದೂ, ಈ ವಾಕ್ಯ ಮುಗಿಯುವಷ್ಟರಲ್ಲಿ ತಮ್ಮ ಉಗುರು ಅಂಥ ಹಲವು ನ್ಯಾನೊಮೀಟರ್ ಬೆಳೆದಿರುತ್ತದೆಂದೂ ಆ ರೈತರಿಗೆ ಹೇಳಿದೆ. ಅಷ್ಟು ಸೂಕ್ಷ್ಮವಾದಾಗ ಪದಾರ್ಥಗಳ ಗುಣವೇ ಬದಲಾಗುತ್ತದೆ, ಚಿನ್ನ ಕೆಂಪಗಾಗುತ್ತದೆ, ಬಟ್ಟೆ ನೀರಿಗೆ ನೆನೆಯುವುದಿಲ್ಲ, ಔಷಧವನ್ನು ಕ್ಯಾನ್ಸರ್ ಗಡ್ಡೆಯ ಬಾಗಿಲಿಗೇ ಮುಟ್ಟಿಸುವ ಪ್ರಯತ್ನ ನಡೆದಿದೆ ಎಂದು ಇನ್ನೂ ಮುಂದುವರಿಸುವವನಿದ್ದೆ. ಅವರು ತಮ್ಮ ಉಗುರನ್ನೊಮ್ಮೆ ನೋಡಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟರು. ಅದು ಅವರ ಊರಾಗಿರಲಿಲ್ಲವೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಈ ಚಟದಿಂದ ಅಪರಿಚಿತರಿಗೆ ಆಗುವ ನಷ್ಟ ಇಷ್ಟೇ. ಮನೆಯವರಿಗೆ ಆಗಬಹುದಾದದ್ದು ಏನೆಂಬುದು ಕಳೆದ ವರ್ಷ ನನ್ನ ಅಕ್ಕನ ಕಾಲಿನ ಹೆಬ್ಬೆರಳಿನ ಪ್ರಸಂಗದಲ್ಲಿ ತಿಳಿಯಿತು.

ಅಕ್ಕ ಗಂಗವ್ವ ಬ್ಯಾಡಗಿಯವಳು, ಅಂದರೆ ಮೆಣಸಿನಕಾಯಿಯವಳು. ಭಾವನ ದಲಾಲಿ ಅಂಗಡಿಯಲ್ಲಿ ನಲವತ್ತು ವರ್ಷ ಕುಳಿತು ಅವಳು ಸಂಪಾದಿಸಿದ ವಿದ್ಯೆ ಒಂದೇ: ಚೀಲದ ಮೇಲುಗಡೆ ಎಂಥ ಕೆಂಪು ಕಾಯಿ ಇದ್ದರೂ ನಂಬದೆ, ಭುಜದವರೆಗೆ ಕೈ ಇಳಿಸಿ ತಳದ ಕಾಯಿ ಹೊರಗೆ ತಂದು, ಮುರಿದು, ಮೂಸಿ ನೋಡುವುದು. ನಾನು ತಂದುಕೊಟ್ಟ ಸೀರೆಯನ್ನೂ ಅವಳು ಒಳಮಡಿಕೆಯಿಂದಲೇ ನೋಡಲು ಶುರು ಮಾಡುತ್ತಾಳೆ. ಚೀಲ ಹೊಲಿಯುವ ದಬ್ಬಣ ಒಮ್ಮೆ ಅವಳ ಹೆಬ್ಬೆರಳಿಗೆ ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲಿನಿಂದ ನೋವಿನ ಸುದ್ದಿ ಅವಳಿಗೆ ಮುಟ್ಟಲಿಲ್ಲ. ಅವಳಿಗೆ ಗೊತ್ತಾಗುವ ಹೊತ್ತಿಗೆ ಹುಣ್ಣು ಆಳಕ್ಕಿಳಿದಿತ್ತು.

ಹಾವೇರಿಯಲ್ಲಿ ಶಾಹೀನಾ ಎಂಬ ವೈದ್ಯೆ ಇದ್ದಾಳೆ. ಒಂದು ಕಾಲಕ್ಕೆ ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಕುಳಿತು, ನಾನು ಉತ್ತರಿಸಲಾಗದ ಪ್ರಶ್ನೆಗಳನ್ನೇ ಹುಡುಕಿ ಕೇಳುತ್ತಿದ್ದವಳು. ಅವಳು ಹುಣ್ಣನ್ನು ಸ್ವಚ್ಛಗೊಳಿಸಿ, ಬೆಳ್ಳಿಯ ನ್ಯಾನೊ ಕಣಗಳಿರುವ ಒಂದು ಪಟ್ಟಿಯನ್ನು ಇಟ್ಟು ಕಟ್ಟಿದಳು. ಸಕ್ಕರೆ ಹಿಡಿತದಲ್ಲಿರಬೇಕು, ಕಾಲಿನ ಮೇಲೆ ಭಾರ ಬೀಳಬಾರದು, ಕಟ್ಟನ್ನು ತಾನೇ ಬಿಚ್ಚುವವರೆಗೆ ಯಾರೂ ಮುಟ್ಟಬಾರದು ಎಂದು ನನಗೆ ಹೇಳಿ, ಅಕ್ಕನಿಗೆ ಮನದಟ್ಟು ಮಾಡುವ ಕೆಲಸವನ್ನು ತನ್ನ ಗುರುವಿಗೇ ಒಪ್ಪಿಸಿದಳು. ಬ್ಯಾಡಗಿಗೆ ಮರಳುವ ದಾರಿಯುದ್ದಕ್ಕೂ ಆ ಗುರು ಮಾಡಿದ್ದೇನು? ಬೆಳ್ಳಿಯ ಮಹಿಮೆಯನ್ನು ಬಣ್ಣಿಸಿದ. ಅದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ರೋಗಾಣುಗಳನ್ನು ಕೊಲ್ಲುವ ಬಗೆಯನ್ನು ಉಪಮೆ ಸಮೇತ ವಿಸ್ತರಿಸಿದ. ಮುಟ್ಟಬಾರದೆಂಬ ಮಾತು ಆ ಪಾಂಡಿತ್ಯದ ಅಡಿಯಲ್ಲಿ ಎಲ್ಲೋ ಸಿಕ್ಕಿಕೊಂಡು ಉಳಿಯಿತು.

ಎರಡು ದಿನ ಬಿಟ್ಟು ಹೋದರೆ ಅಕ್ಕ ಹಿತ್ತಿಲಿನ ಕಲ್ಲಿನ ಮೇಲೆ ಕುಳಿತಿದ್ದಳು. ಕಟ್ಟು ಬಿಚ್ಚಿತ್ತು. ಒಂದು ಕೈಯಲ್ಲಿ ಆ ಪಟ್ಟಿ, ಇನ್ನೊಂದರಲ್ಲಿ ದೇವರ ಜಗಲಿಯ ವಿಭೂತಿಗಟ್ಟಿ. ನಮ್ಮ ಮನೆಗಳಲ್ಲಿ ಬೆಳ್ಳಿಯ ಸಾಮಾನು ಕಪ್ಪಿಟ್ಟರೆ ವಿಭೂತಿ ಹಚ್ಚಿ ತಿಕ್ಕುವುದು ರೂಢಿ.

“ಇದರಾಗ ಬೆಳ್ಳಿ ಐತಿ ಅಂತ ನೀನ ಹೇಳಿದಿ. ನೋಡಿದ್ರ ಕರ್ರಗ ಐತಿ. ಎಷ್ಟು ತಿಕ್ಕಿದ್ರೂ ಹೊಳಪು ಬರವಲ್ದು. ನಿನಗ ಮೋಸ ಮಾಡ್ಯಾರ, ತಮ್ಮಾ” ಎಂದಳು. ಅವಳ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ನನ್ನ ಬಗೆಗಿನ ಕನಿಕರ. ಬೆಳ್ಳಿ ಆ ಗಾತ್ರಕ್ಕೆ ಇಳಿದಾಗ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ ಎಂಬ ಒಂದು ಸಂಗತಿಯನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನಾನು ಅವಳಿಗೆ ಹೇಳಿದ್ದೆ.

ಕೂಡಲೇ ಅವಳನ್ನು ಹಾವೇರಿಗೆ ಕರೆದೊಯ್ದೆ. ಶಾಹೀನಾ ನನ್ನ ಅಕ್ಕನನ್ನು ಬೈಯಲಿಲ್ಲ. ಹುಣ್ಣನ್ನು ಬಹಳ ಹೊತ್ತು ನೋಡಿ, ಮತ್ತೆ ತೊಳೆದು, ಹೊಸ ಪಟ್ಟಿ ಕಟ್ಟಿ, ನನ್ನನ್ನು ಹೊರಗೆ ಕರೆದಳು. “ಸರ, ಬೆಳ್ಳಿ ಐತಿ ಅಂತ ಹೇಳಿದಿರಿ, ಬಿಚ್ಚಬ್ಯಾಡ್ರಿ ಅಂತ ಯಾಕ ಹೇಳಲಿಲ್ರಿ? ಈ ಸಲ ಔಷಧ ಹಿಡೀಲಿಲ್ಲಂದ್ರ ಬೆರಳು ತಗೀಬೇಕಾಗ್ತೈತಿ.” ಇದೂ ಅವಳ ಹಳೆಯ ಪ್ರಶ್ನೆಗಳ ಸಾಲಿಗೇ ಸೇರಿದ್ದು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಅಕ್ಕನನ್ನು ರಾಣೆಬೆನ್ನೂರಿನ ನಮ್ಮ ಮನೆಗೇ ಕರೆತಂದೆ. ಈ ಸಲ ಬಿಚ್ಚಬೇಡ ಎಂಬುದೊಂದನ್ನೇ ಹೇಳಿ ಬಾಯಿ ಮುಚ್ಚಿಕೊಂಡೆ. ಬೆರಳು ಹೋಗಬಹುದೆಂಬುದು ಅವಳಿಗೂ ಗೊತ್ತಾಗಿತ್ತು. ಎರಡು ದಿನ ಅವಳು ಮಂಚದ ಮೇಲೆ ಕಾಲು ಚಾಚಿ ಕಟ್ಟನ್ನೇ ನೋಡುತ್ತಿದ್ದಳು. ಮೂರನೆಯ ದಿನ ಅಡಿಗೆಮನೆಯಲ್ಲಿ ನನ್ನ ಹೆಂಡತಿ ಒಣಮೆಣಸಿನಕಾಯಿ ಹುರಿದು ಮಿಕ್ಸಿಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು, ಆಚೆಮನೆಯವರೂ ಕೆಮ್ಮಿದರು. ಅಕ್ಕ ಕಣ್ಣೊರೆಸಿಕೊಂಡು ನನಗೆ ಹೇಳಿದಳು:

“ಚೀಲದಾಗ ಇಡಿಯಾಗಿದ್ದ ಕಾಯಿ ಯಾರ ಗೊಡವಿಗೂ ಹೋಗೂದಿಲ್ಲ. ಪುಡಿ ಆತಂದ್ರ ಓಣಿ ಓಣೀನ ಕೆಮ್ಮತೈತಿ. ನಿನ್ನ ಬೆಳ್ಳೀದೂ ಹಂಗ ಅನ್ನು.”

ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಘನಾಕೃತಿ ಬರೆದು, ಅದನ್ನು ತುಂಡರಿಸಿ, ತುಂಡು ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹಿಗ್ಗುತ್ತದೆ, ಆದ್ದರಿಂದ ಅದರ ಪ್ರಭಾವವೂ ಹಿಗ್ಗುತ್ತದೆ ಎಂದು ನಾನು ಮಕ್ಕಳಿಗೆ ಆಕಳಿಕೆ ತರಿಸುತ್ತಿದ್ದ ಪಾಠ ಇದೇ. ಹೌದು ಅಂದೆ, ಅಷ್ಟೆ.

ಅಲ್ಲಿಂದ ಮುಂದೆ ಅವಳು ಕಟ್ಟಿನ ಕಡೆ ನೋಡಲೇ ಇಲ್ಲ. ನೋಡುವ ರೋಗ ನನಗೆ ಹತ್ತಿತು. ಒಳಗೆ ಕೀವು ತುಂಬುತ್ತಿದ್ದರೆ? ಬೆರಳು ಕಪ್ಪಾಗಿದ್ದರೆ? ಒಂದು ಮಧ್ಯಾಹ್ನ ಅವಳಿಗೆ ಜೊಂಪು ಹತ್ತಿದ್ದಾಗ ಮೆಲ್ಲಗೆ ಮಂಚದ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಕಟ್ಟಿನ ಅಂಚಿಗೆ ಬೆರಳು ಹಾಕಿದೆ. ವಿಜ್ಞಾನದ ಮೇಷ್ಟರು ಹೀಗೆ ಮಾಡಿದರೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಅಕ್ಕ ಕಣ್ಣು ತೆರೆಯದೆಯೇ ಹೇಳಿದಳು: “ಕೈ ತಗಿ. ಅದು ಕೆಲಸ ಮಾಡಾಕತ್ತೈತಿ.”

ಕೈ ತೆಗೆದೆ.

ಮತ್ತೆ ಹಾವೇರಿಗೆ ಹೋದ ದಿನ ಶಾಹೀನಾ ಕಟ್ಟು ಬಿಚ್ಚುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಪಟ್ಟಿ ಎತ್ತಿದ ಸಪ್ಪಳವೂ ಆಗಲಿಲ್ಲ. ಆಮೇಲೆ ಅವಳು “ಸರ, ಇಲ್ಲಿ ನೋಡ್ರಿ” ಎಂದಳು. ಹುಣ್ಣಿನ ತಳದಲ್ಲಿ ಎಳೆಯ ಗುಲಾಬಿ ಬಣ್ಣದ ಮಾಂಸ ತುಂಬಿಕೊಳ್ಳುತ್ತಿತ್ತು. ಪೂರ್ತಿ ಮಾಯಲು ಇನ್ನೂ ವಾರಗಳು ಬೇಕು, ಆದರೆ ಬೆರಳು ಉಳಿಯಿತು ಎಂದಳು.

ಅಕ್ಕ ಬಗ್ಗಿ ನೋಡಿದಳು, ಬೆರಳನ್ನು ಒಂದಿಷ್ಟು ಅಲುಗಾಡಿಸಿದಳು. ಆಮೇಲೆ ನನ್ನತ್ತ ತಿರುಗಿ, “ಈಗ ಹೇಳು ತಮ್ಮಾ, ಒಳಗ ಅದು ಏನೇನು ಮಾಡ್ತು ಅಂತ. ಈಗ ಕುಂತು ಕೇಳ್ತೇನಿ” ಎಂದಳು.

ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ತಾವಾಗಿಯೇ ನನ್ನ ವಿವರಣೆಯನ್ನು ಕೇಳಿದ್ದರು. ನಾನು ಬಾಯಿ ತೆರೆದೆ. ಪಾಠ ಶುರು ಮಾಡುವ ಬದಲು ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.